ಬರಗೂರು ರಾಮಚಂದ್ರಪ್ಪ: ವಿಮರ್ಶಕನ ಕೈಗೆ ಬಂದ ಕ್ಯಾಮೆರಾ

ಬರಗೂರು ರಾಮಚಂದ್ರಪ್ಪ ಕನ್ನಡದ ಕಾದಂಬರಿಕಾರ, ಕವಿ, ಸಂಸ್ಕೃತಿ ವಿಮರ್ಶಕ ಮತ್ತು ಚಲನಚಿತ್ರ ನಿರ್ದೇಶಕ. ಹುಟ್ಟೂರು ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬರಗೂರು. ಬಂಡಾಯ ಸಾಹಿತ್ಯ ಸಂಘಟನೆಯನ್ನು ಕಟ್ಟಿದವರಲ್ಲಿ ಪ್ರಮುಖರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು, ಕರ್ನಾಟಕ ಸಾಹಿತ್ಯ ಅಕಾಡೆಮಿ ಮತ್ತು ಕನ್ನಡ ಅಭಿವೃದ್ಧಿ ಪ್ರಾಧಿಕಾರಗಳ ಅಧ್ಯಕ್ಷ ಸ್ಥಾನದಲ್ಲಿ ಕೂತವರು, 2016ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಸರ್ವಾಧ್ಯಕ್ಷರು. ಈ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇದೆ: ‘ಒಂದು ಊರಿನ ಕಥೆ’, ‘ಬೆಂಕಿ’, ‘ಸೂರ್ಯ’, ‘ಕೋಟೆ’, ‘ಹಗಲುವೇಷ’, ‘ಶಾಂತಿ’, ‘ತಾಯಿ’, ‘ಭಾಗೀರಥಿ’, ‘ಅಮೃತಮತಿ’. ಸಾಹಿತ್ಯದ ಓದುಗರು ಮೊದಲನೆಯದನ್ನು ಬಲ್ಲರು, ಸಿನಿಮಾದವರು ಎರಡನೆಯದನ್ನು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಹಾಗೆ ನೋಡದೆ ಈ ಮನುಷ್ಯನ ಕೆಲಸದ ಸ್ವರೂಪ ತಿಳಿಯುವುದಿಲ್ಲ. ಅವರಿಗೆ ವಿಮರ್ಶೆ, ಸಂಘಟನೆ, ಸಿನಿಮಾ ಮೂರೂ ಒಂದೇ ದುಡಿಮೆಯ ಮೂರು ಪಾಳಿಗಳು.

ಊರಿನಿಂದ ಶುರು ಮಾಡಬೇಕು. ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಬಯಲುಸೀಮೆಯ ಒಣ ನೆಲ. ಮಳೆ ಬಂದರೆ ಶೇಂಗಾ ಮತ್ತು ರಾಗಿ, ಬಾರದಿದ್ದರೆ ಬೆಂಗಳೂರಿನ ಬಸ್ಸು. ಪಾವಗಡವಂತೂ ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಬೇಸಾಯಕ್ಕೆ ಒಲಿಯದ ಅಲ್ಲಿನ ಬಿಸಿಲು ಈಗ ತಿರುಮಣಿ ಸುತ್ತಿನ ಸೌರ ವಿದ್ಯುತ್ ಪಾರ್ಕಿಗೆ ಒದಗಿ ಬಂದಿದೆ. ಶಿರಾ ತಾಲ್ಲೂಕಿನ ಒಂದು ಮಗ್ಗುಲಿಗೆ ಆಂಧ್ರದ ಮಡಕಶಿರಾ ಸೀಮೆ ತಾಗಿಕೊಂಡಿದೆ. ಗಡಿಯ ಈಚೆ ತೆಲುಗು ಮಾತಾಡುವ ಮನೆಗಳಿವೆ, ಆಚೆ ಕನ್ನಡ ಮಾತಾಡುವ ಮನೆಗಳಿವೆ.

ಇದೇ ಶಿರಾ ಒಂದು ಕಾಲಕ್ಕೆ ರಾಜಧಾನಿ. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಘಲರ ದಕ್ಷಿಣದ ಸುಬಾ ಇಲ್ಲಿಂದ ಆಳಿತು. ಹೈದರಾಲಿಗೆ 1761ರಲ್ಲಿ ದೊರೆತ ನವಾಬಗಿರಿ ಕೂಡ ಶಿರಾದ ಹೆಸರಿನದೇ. ಮಲ್ಲಿಕ್ ರೆಹಾನ್ ಗೋರಿ, ಜುಮ್ಮಾ ಮಸೀದಿ, ಕೋಟೆಯ ಕಂದಕ ಇಂದಿಗೂ ಇವೆ. ಆದರೆ ಬರಗೂರರ ಬರೆಹಕ್ಕೆ ಅನ್ನ ಹಾಕಿದ್ದು ಕೋಟೆಯ ಶಿರಾ ಅಲ್ಲ, ಹಟ್ಟಿಗಳ ಶಿರಾ. ಕಾಡುಗೊಲ್ಲರು ಕಳುವರಹಳ್ಳಿಯ ಜುಂಜಪ್ಪನನ್ನು ರಾತ್ರಿಯಿಡೀ ಹಾಡುತ್ತಾರೆ. ಆಳೆತ್ತರದ ಬಿದಿರಿನ ಗಣೆಯನ್ನು ನುಡಿಸುತ್ತ ದನಕಾಯುವ ವೀರನ ಕಥೆ ಕಟ್ಟುತ್ತಾರೆ. ಸುಗ್ಗಿ ಮುಗಿದ ಮೇಲೆ ಮೂಡಲಪಾಯ ಯಕ್ಷಗಾನದ ಭಾಗವತರು ಬರುತ್ತಿದ್ದರು, ಹಗಲುವೇಷದವರು ಬೀದಿಯಲ್ಲೇ ರಾಮನೂ ರಾವಣನೂ ಆಗುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಸಾಲಿಗೆ ಇನ್ನೊಂದು ಸೇರಿತು: ಟೂರಿಂಗ್ ಟಾಕೀಸು. ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿದರೆ ಆಟ ಶುರುವಾಗುತ್ತದೆಂದು ಅರ್ಥ. ನೆಲದ ಟಿಕೆಟ್ಟು, ಬೆಂಚಿನ ಟಿಕೆಟ್ಟು, ರೀಲು ಬದಲಿಸುವಾಗ ಸೋಡಾ ಮತ್ತು ಕಡಲೆಕಾಯಿ. ಬಯಲಾಟ ನೋಡಲು ಚಾಪೆ ಹೊತ್ತು ಹೋಗುತ್ತಿದ್ದ ಜನವೇ ಟೆಂಟಿಗೂ ಹೋಯಿತು. ಹೀಗಾಗಿ ಆ ಸೀಮೆಯ ಮಕ್ಕಳಿಗೆ ಸಿನಿಮಾ ಪಟ್ಟಣದಿಂದ ಬಂದ ಪರಕೀಯ ಯಂತ್ರವೆನಿಸಲಿಲ್ಲ, ಬಯಲಾಟದ ಇನ್ನೊಂದು ಬಗೆಯಾಯಿತು.

ಜಿಲ್ಲೆಗೂ ಸಿನಿಮಾಕ್ಕೂ ಇರುವ ನಂಟು ಹಳೆಯದು. ಗುಬ್ಬಿ ವೀರಣ್ಣನವರ ಕಂಪನಿ ನಾಟಕದಿಂದ ಮೂಕಿಚಿತ್ರಕ್ಕೂ, ಅಲ್ಲಿಂದ ಟಾಕಿಗೂ ನಡೆದು ಹೋಯಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಒಟ್ಟಿಗೆ ಕಾಣಿಸಿಕೊಂಡರು. ಆ ಮೂವರಿಗೂ ಗುಬ್ಬಿ ಕಂಪನಿಯೇ ಪಾಠಶಾಲೆ. ಬರಗೂರರ ಪೀಳಿಗೆಯಲ್ಲಿ ಈ ನಂಟು ಸಾಹಿತ್ಯದ ಬಾಗಿಲಿನಿಂದ ಮುಂದುವರಿಯಿತು. ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯ ದೊಡ್ಡರಂಗೇಗೌಡರು ‘ಪರಸಂಗದ ಗೆಂಡೆತಿಮ್ಮ’, ‘ಆಲೆಮನೆ’ಯಂಥ ಚಿತ್ರಗಳಿಗೆ ಹಾಡು ಬರೆದು ಹಳ್ಳಿಯ ನುಡಿಯನ್ನು ರೇಡಿಯೋದವರೆಗೆ ಒಯ್ದರು. ಅಕ್ಕಪಕ್ಕದ ಎರಡು ತಾಲ್ಲೂಕಿನ ಈ ಇಬ್ಬರೂ ಬೆಂಗಳೂರಿನಲ್ಲಿ ಕನ್ನಡ ಮೇಷ್ಟರಾದರು, ಇಬ್ಬರೂ ಸಿನಿಮಾಕ್ಕೆ ದುಡಿದರು, ಇಬ್ಬರೂ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬರಗೂರರದು 2016ರ ರಾಯಚೂರು, ದೊಡ್ಡರಂಗೇಗೌಡರದು 2023ರ ಹಾವೇರಿ. ಬರಪೀಡಿತ ತಾಲ್ಲೂಕುಗಳೆಂದು ಸರ್ಕಾರಿ ಕಡತಗಳಲ್ಲಿ ಮತ್ತೆ ಮತ್ತೆ ನಮೂದಾಗುವ ನೆಲದ ಬಗ್ಗೆ ಹೇಳುವಾಗ ಇದನ್ನೂ ಹೇಳಬೇಕು.

ಹಳ್ಳಿಯ ಶಾಲೆಯಿಂದ ತುಮಕೂರು, ತುಮಕೂರಿನಿಂದ ಬೆಂಗಳೂರು ಎಂಬುದು ಆ ಕಾಲದ ಓದುವ ಹುಡುಗರ ಸಾಮಾನ್ಯ ದಾರಿ. ಆ ದಾರಿಯಲ್ಲಿ ಬಂದವರಲ್ಲಿ ಹಲವರು ಊರನ್ನು ನೆನಪಾಗಿ ಬರೆದರು. ಬರಗೂರರು ಊರನ್ನು ಜಗಳವಾಗಿ ಬರೆದರು. ‘ಕಪ್ಪು ನೆಲದ ಕೆಂಪು ಕಾಲು’, ‘ಸುಂಟರಗಾಳಿ’ ಕಥಾಸಂಕಲನಗಳಲ್ಲಿ, ‘ಸೂತ್ರ’, ‘ಉಕ್ಕಿನ ಕೋಟೆ’, ‘ಬೆಂಕಿ’, ‘ಸೂರ್ಯ’ ಕಾದಂಬರಿಗಳಲ್ಲಿ ಹಳ್ಳಿ ಎಂದರೆ ಗೌಡ, ಶಾನುಭೋಗ, ಸಾಲ, ಜಾತಿ, ಚುನಾವಣೆ. ಹಸಿರು ಹೊಲದ ಚಿತ್ರ ಅಲ್ಲಿ ಸಿಗುವುದಿಲ್ಲ. ‘ನೆತ್ತರಲ್ಲಿ ನೆಂದ ಹೂ’, ‘ಗುಲಾಮಗೀತೆ’ ಎಂಬ ಕವನಸಂಕಲನಗಳ ಹೆಸರುಗಳೇ ಅವರ ಒಲವು ಯಾವ ಕಡೆಗೆಂದು ಸಾರುತ್ತವೆ. ಇತ್ತೀಚಿನ ‘ಕಾಗೆ ಕಾರುಣ್ಯದ ಕಣ್ಣು’ ಅವರ ಅನುಭವ ಕಥನ.

1979ರ ಮಾರ್ಚಿನಲ್ಲಿ ಧರ್ಮಸ್ಥಳದಲ್ಲಿ ಸಾಹಿತ್ಯ ಸಮ್ಮೇಳನ ನಡೆಯುವುದಿತ್ತು. ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಅದಕ್ಕೆ ಉತ್ತರವಾಗಿ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಸಮಾವೇಶ ಸೇರಿತು. ಡಿ.ಆರ್. ನಾಗರಾಜ್, ಸಿದ್ಧಲಿಂಗಯ್ಯ, ಕಾಳೇಗೌಡ ನಾಗವಾರ, ಚೆನ್ನಣ್ಣ ವಾಲೀಕಾರರ ಪೀಳಿಗೆಯ ಬರೆಹಗಾರರು ಸಾಹಿತ್ಯದ ಅಳತೆಗೋಲನ್ನೇ ಪ್ರಶ್ನಿಸಿದ ಗಳಿಗೆ ಅದು. ಸಂಘಟನೆಯ ಸಂಚಾಲಕರಾಗಿ ಬರಗೂರರು ಊರೂರು ತಿರುಗಿದರು, ಭಾಷಣ ಮಾಡಿದರು, ‘ಬಂಡಾಯ ಸಾಹಿತ್ಯ ಮೀಮಾಂಸೆ’ ಬರೆದು ಚಳವಳಿಗೆ ತಾತ್ವಿಕ ಚೌಕಟ್ಟು ಕೊಡಲು ಯತ್ನಿಸಿದರು. ಚಳವಳಿ ಕಟ್ಟುವವರು ಮೀಮಾಂಸೆ ಬರೆಯುವುದು ನಮ್ಮಲ್ಲಿ ಅಪರೂಪ. ಸಾಮಾನ್ಯವಾಗಿ ಒಬ್ಬರು ಬೀದಿಗಿಳಿಯುತ್ತಾರೆ, ಇನ್ನೊಬ್ಬರು ಗ್ರಂಥಾಲಯದಲ್ಲಿ ಕೂರುತ್ತಾರೆ.

ಈ ಚಳವಳಿಗೆ ತುಸು ಮೊದಲೇ ಅವರು ಸಿನಿಮಾಕ್ಕೆ ಬಂದಿದ್ದರು ಎಂಬುದು ಗಮನಿಸಬೇಕಾದ ಸಂಗತಿ. 1970ರ ‘ಸಂಸ್ಕಾರ’ದಿಂದ ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ಶುರುವಾಗಿದ್ದವು. ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ ಒಂದರ ಹಿಂದೆ ಒಂದರಂತೆ ಬಂದು ರಾಷ್ಟ್ರಪ್ರಶಸ್ತಿಗಳನ್ನು ತಂದವು. ಇವಕ್ಕೆ ನೋಡುಗರನ್ನು ತಯಾರು ಮಾಡಿದ್ದು ಫಿಲ್ಮ್ ಸೊಸೈಟಿಗಳು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಆರಂಭವಾಯಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ ಸತ್ಯಜಿತ್ ರೇ, ಕುರೊಸಾವಾರ ಚಿತ್ರಗಳನ್ನು ತೋರಿಸಿದರು. ಪುಣೆಯ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ರಸಗ್ರಹಣ ಶಿಬಿರ ನಡೆಸಿದರು. ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ಎಂದರೆ ಕಥಾಸಾರದ ಕೆಳಗೆ ಪರವಾಗಿಲ್ಲ ಎಂಬ ಒಂದು ಸಾಲು ಎಂಬ ಕಾಲ ಮುಗಿಯುತ್ತ ಬಂತು.

ಬರಗೂರರ ವಿಚಾರ ಈ ಗುಂಪಿನ ವಿಚಾರಕ್ಕಿಂತ ಬೇರೆ. ಹೊಸ ಅಲೆಯ ವಿಮರ್ಶಕರಿಗೆ ಸಿನಿಮಾ ಸಾಹಿತ್ಯದ ನೆಂಟ, ಯುರೋಪಿನ ಆಧುನಿಕ ಕಲೆಗಳ ಬಂಧು. ಬರಗೂರರು ತಮ್ಮ ಅಧ್ಯಯನಕ್ಕೆ ಇಟ್ಟ ಹೆಸರು ‘ಸಿನಿಮಾ: ಒಂದು ಜಾನಪದ ಕಲೆ’. ಈ ಹೆಸರಿನಲ್ಲೇ ಒಂದು ವಾದವಿದೆ. ಜಾನಪದದಂತೆ ಸಿನಿಮಾವೂ ಒಬ್ಬನ ಸೃಷ್ಟಿಯಲ್ಲ, ಹಲವರ ಕೈ ಸೇರಿ ಆಗುವಂಥದು. ಅದು ಅಕ್ಷರ ಬಾರದವರನ್ನೂ ತಲುಪುತ್ತದೆ. ಕುಣಿತ, ಹಾಡು, ಹಾಸ್ಯ, ವೀರ, ಕರುಣೆ ಎಲ್ಲವೂ ಒಂದೇ ರಾತ್ರಿಯ ಆಟದಲ್ಲಿ ಬರುವ ಬಯಲಾಟದ ಗುಣ ಅದರಲ್ಲಿದೆ. ಹಾಗಾದರೆ ಜನಪ್ರಿಯ ಚಿತ್ರದ ಹಾಡು-ಕುಣಿತಗಳನ್ನು ಕಂಡು ಮೂಗು ಮುರಿಯುವುದು ವಿಮರ್ಶೆಯಾಗದು, ಆ ಒಡಲಲ್ಲಿ ಯಾರ ಹಿತದ ಕಥೆಯನ್ನು ತುಂಬಲಾಗಿದೆ ಎಂದು ಕೇಳುವುದು ವಿಮರ್ಶೆ. ಜುಂಜಪ್ಪನ ಕಾವ್ಯವನ್ನೂ ಟೆಂಟಿನ ಸಿನಿಮಾವನ್ನೂ ಒಂದೇ ನೆಲದಲ್ಲಿ ಕಂಡ ಸೀಮೆಯಿಂದ ಇಂಥ ದೃಷ್ಟಿ ಬಂದದ್ದು ಸಹಜವೇ. ಕನ್ನಡ ಚಿತ್ರ ವಿಮರ್ಶೆಗೆ ಬರಗೂರರು ಕೊಟ್ಟ ದೊಡ್ಡ ಕಾಣಿಕೆ ಇದು ಎಂದು ಈ ಲೇಖಕನ ಎಣಿಕೆ. ಅವರು ಮಾಡಿದ ಯಾವ ಒಂದು ಚಿತ್ರಕ್ಕಿಂತಲೂ ಈ ವಿಚಾರಕ್ಕೆ ಹೆಚ್ಚು ಬಾಳಿಕೆ ಇದೆ.

ವಿಮರ್ಶಕ ಬರೆಯುವುದಲ್ಲದೆ ಇನ್ನೊಂದು ಕೆಲಸಕ್ಕೂ ಕೈ ಹಾಕಿದ ಉದಾಹರಣೆಗಳು ಜಗತ್ತಿನಲ್ಲಿ ಹಲವು. ಪ್ಯಾರಿಸ್ಸಿನ ‘ಕಾಯೇ ದ್ಯು ಸಿನೆಮಾ’ ಪತ್ರಿಕೆಯಲ್ಲಿ ಹಿರಿಯ ನಿರ್ದೇಶಕರನ್ನು ಜಾಡಿಸುತ್ತಿದ್ದ ಫ್ರಾನ್ಸ್ವಾ ತ್ರುಫೋ 1959ರಲ್ಲಿ, ಗೊದಾರ್ 1960ರಲ್ಲಿ ತಮ್ಮ ಮೊದಲ ಕಥಾಚಿತ್ರಗಳೊಂದಿಗೆ ತಾವೇ ನಿರ್ದೇಶಕರಾದರು. ಸ್ಪೇನಿನ ಡಿಯೆಗೊ ಗಲಾನ್ ಪತ್ರಿಕೆಗಳಿಗೆ ವಿಮರ್ಶೆ ಬರೆಯುತ್ತಲೇ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದ ಹೊಣೆ ಹೊತ್ತರು. ಒಬ್ಬ ಚಿತ್ರ ಮಾಡಿ ತನ್ನ ಅಭಿರುಚಿಯನ್ನು ತೋರಿಸುತ್ತಾನೆ, ಇನ್ನೊಬ್ಬ ಬೇರೆಯವರ ಚಿತ್ರಗಳನ್ನು ಆಯ್ದು ತೋರಿಸುತ್ತಾನೆ. ಕರ್ನಾಟಕದಲ್ಲಿ ಈ ಎರಡನೆಯ ದಾರಿ ಹಿಡಿದವರು ಸುಚಿತ್ರಾದ ಎಚ್.ಎನ್. ನರಹರಿರಾವ್ ಮತ್ತು ವಿಮರ್ಶಕ ಎನ್. ವಿದ್ಯಾಶಂಕರ್. ಬರಗೂರರು ಹಿಡಿದದ್ದು ಮೊದಲನೆಯ ದಾರಿ.

1978ರ ‘ಒಂದು ಊರಿನ ಕಥೆ’ಯಿಂದ ಈ ದಾರಿ ಶುರುವಾಯಿತು. ಕಥೆ ಅವರದೇ, ಆ ಕಥೆಗೆ ರಾಜ್ಯ ಪ್ರಶಸ್ತಿಯೂ ಬಂತು. ಎಂಬತ್ತರ ದಶಕದಲ್ಲಿ ‘ಬೆಂಕಿ’, ‘ಸೂರ್ಯ’, ‘ಕೋಟೆ’ ಬಂದವು. ಹೊಸ ಅಲೆಯ ಚಿತ್ರಗಳಲ್ಲಿ ಹಲವು ಅಗ್ರಹಾರದ ಒಳಗಿನ ಬಿರುಕನ್ನು ತೋರಿಸುತ್ತಿದ್ದಾಗ ಬರಗೂರರ ಕ್ಯಾಮೆರಾ ಕೇರಿಯಲ್ಲಿ, ಹೊಲದ ಬದುವಿನಲ್ಲಿ, ಜೀತದ ಮನೆಯ ಮುಂದೆ ನಿಂತಿತು. ಕಾದಂಬರಿಗಾಗಿ ಬರೆದದ್ದನ್ನೇ ಚಿತ್ರಕ್ಕೂ ತರುವುದು ಅವರ ಪದ್ಧತಿಯಾಯಿತು. ಓದು ಬಾರದವನ ಕಥೆಯನ್ನು ಓದು ಬಲ್ಲವರಿಗೆ ಮಾತ್ರ ಹೇಳಿ ಸುಮ್ಮನಾಗುವುದು ಬಂಡಾಯದ ಬರೆಹಗಾರನಿಗೆ ಸಾಧ್ಯವಿರಲಿಲ್ಲ. ತೆರೆಯ ಮೇಲೆ ಆ ಕಥೆ ಅದೇ ಮನುಷ್ಯನ ಮುಂದೆ ಬರುತ್ತದೆ.

ಇಲ್ಲೊಂದು ತೊಡಕೂ ಇತ್ತು. ಕಲಾತ್ಮಕ ಚಿತ್ರವೆಂಬ ಹಣೆಪಟ್ಟಿ ಅಂಟಿದರೆ ಚಿತ್ರಮಂದಿರ ಸಿಗದು. ಜನಪ್ರಿಯ ಚಿತ್ರದ ಸೂತ್ರಕ್ಕೆ ಬಗ್ಗಿದರೆ ವಸ್ತು ಸಡಿಲವಾಗುತ್ತದೆ. 2000ದಲ್ಲಿ ಬಂದ ‘ಹಗಲುವೇಷ’ ಈ ತೊಡಕನ್ನು ನೇರವಾಗಿ ಎದುರಿಸಿತು. ನಾಯಕ ಶಿವರಾಜಕುಮಾರ್. ಆ ಹೊತ್ತಿಗೆ ಅವರು ಜನಪ್ರಿಯತೆಯ ತುದಿಯಲ್ಲಿದ್ದರು. ಅಂಥ ನಟನನ್ನು ಬೀದಿಯ ಜಾನಪದ ಕಲೆಯ ಹೆಸರು ಹೊತ್ತ ಚಿತ್ರಕ್ಕೆ ಕರೆತಂದದ್ದು ಅವರ ಜಾನಪದ ಸಿದ್ಧಾಂತದ ನೇರ ಪ್ರಯೋಗ. ತಾರೆ ಎಂದರೆ ಬಯಲಾಟದ ಮುಖ್ಯವೇಷ, ಜನ ಅವನಿಗಾಗಿ ಬರುತ್ತಾರೆ, ಬಂದವರಿಗೆ ಪ್ರಸಂಗ ಹೇಳಿ ಕಳಿಸಬೇಕು.

ಅದಕ್ಕೆ ತೀರಾ ಎದುರಿನ ತುದಿ ‘ಶಾಂತಿ’. ಹೊಸ ಶತಮಾನದ ಮೊದಲ ದಶಕದಲ್ಲಿ ಬಂದ ಈ ಚಿತ್ರದಲ್ಲಿ ಭಾವನಾ ಒಬ್ಬರದೇ ಪಾತ್ರ. ಇನ್ನೊಂದು ಮುಖವಿಲ್ಲ. ಗಿನ್ನೆಸ್ ದಾಖಲೆಯವರೆಗೆ ಹೋದ ಸಾಹಸ ಅದು. ಹಿಂದಿಯಲ್ಲಿ ಸುನೀಲ್ ದತ್ 1964ರಲ್ಲಿ ‘ಯಾದೇಂ’ ಎಂಬ ಏಕಪಾತ್ರದ ಚಿತ್ರ ಮಾಡಿದ್ದರು. ಅಲ್ಲಿ ಮನೆಗೆ ಬಂದು ಹೆಂಡತಿ ಮಕ್ಕಳು ಕಾಣದೆ ಕಂಗೆಡುವ ಗಂಡಸಿದ್ದಾನೆ. ಬರಗೂರರು ತೆರೆಯನ್ನು ಇಡಿಯಾಗಿ ಒಬ್ಬ ಹೆಣ್ಣಿಗೆ ಬಿಟ್ಟುಕೊಟ್ಟರು. ದಾಖಲೆಯ ಸುದ್ದಿಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಯಿತು, ಅದು ಬೇಸರದ ಸಂಗತಿ. ದಾಖಲೆಗಿಂತ ಆಯ್ಕೆ ದೊಡ್ಡದು.

‘ತಾಯಿ’ ಚಿತ್ರಕ್ಕೆ ಅವರು ಬರೆದ ಹಾಡಿಗೆ 2005ನೇ ಸಾಲಿನ 53ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಗೀತರಚನೆಯ ಪ್ರಶಸ್ತಿ ಬಂತು. ಹಿಂದಿನ ವರ್ಷ ಅದನ್ನು ಪಡೆದವರು ತಮಿಳಿನ ಪಾ. ವಿಜಯ್, ಮುಂದಿನ ವರ್ಷ ಹಿಂದಿಯ ಸ್ವಾನಂದ್ ಕಿರ್ಕಿರೆ. ನಿರ್ದೇಶಕನೇ ಕಥೆ, ಸಂಭಾಷಣೆ, ಹಾಡು ಎಲ್ಲವನ್ನೂ ಬರೆಯುವುದು ಬರಗೂರರಿಗೆ ರೂಢಿ. ಸಂಗೀತ ನಿರ್ದೇಶಕ ಕೊಟ್ಟ ಮಟ್ಟಿಗೆ ಪದ ತುಂಬುವ ಕಸುಬಿಗಿಂತ ಇದು ಭಿನ್ನ. ಕಥೆ ಹೇಳುವವನೇ ಹಾಡನ್ನೂ ಕಟ್ಟುವ ಭಾಗವತನ ಪದ್ಧತಿ ಇದರಲ್ಲಿದೆ.

ಬರಗೂರರ ಚಿತ್ರಗಳಲ್ಲಿ ಹೆಚ್ಚು ಚರ್ಚೆಗೆ ಅರ್ಹವಾದವು ಹಳೆಯ ಕೃತಿಗಳನ್ನು ಮತ್ತೆ ಓದಿದ ಎರಡು ಚಿತ್ರಗಳು. ಒಂದು ‘ಭಾಗೀರಥಿ’, ಇನ್ನೊಂದು ‘ಅಮೃತಮತಿ’.

‘ಕೆರೆಗೆ ಹಾರ’ ಕನ್ನಡಿಗರೆಲ್ಲ ಶಾಲೆಯಲ್ಲಿ ಓದಿದ ಕಥನಗೀತೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಟ್ಟರೆ ನೀರು ಬರುತ್ತದೆಂದು ಮಾತು ಬರುತ್ತದೆ. ತವರಿಗೆ ಹೋಗಿ ಬಂದ ಭಾಗೀರಥಿ ಮೆಟ್ಟಿಲು ಮೆಟ್ಟಿಲಿಗೂ ಏರುವ ನೀರಿನಲ್ಲಿ ಮುಳುಗುತ್ತಾಳೆ. ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ. ಇದನ್ನು ತ್ಯಾಗದ ಕಥೆಯಾಗಿ ಕಲಿಸಿದ ಮೇಷ್ಟರುಗಳು ಎಷ್ಟೋ. ಕೊಲೆಯ ಕಥೆಯಾಗಿಯೂ ಇದನ್ನು ಓದಬಹುದು. ನೀರಿಲ್ಲದ ಸೀಮೆಯಲ್ಲಿ ಬೆಳೆದ ನಿರ್ದೇಶಕನಿಗೆ ಇಲ್ಲಿ ಎರಡು ಸತ್ಯ ಒಟ್ಟಿಗೆ ಎದುರಾಗುತ್ತವೆ: ಕೆರೆ ತುಂಬದಿದ್ದರೆ ಊರು ಬದುಕದು, ಆದರೆ ಊರಿನ ಉಳಿವಿನ ಬೆಲೆಯನ್ನು ಯಾರ ಮೇಲೆ ಹೊರಿಸಬೇಕೆಂದು ತೀರ್ಮಾನಿಸುವವರು ಗಂಡಸರೇ. ಶಿರಾ, ಮಧುಗಿರಿ ಸುತ್ತಿನ ಹಳೆಯ ಕೆರೆ ಏರಿಗಳ ಮೇಲೆ ನಡೆದಾಡಿದವರಿಗೆ ಈ ಕಥೆ ದೂರದ್ದೆನಿಸುವುದಿಲ್ಲ. ಏರಿಗೆ ಹೆಣ್ಣನ್ನು ಆಹುತಿ ಕೊಟ್ಟ ಕಥೆಗಳು ಬಯಲುಸೀಮೆಯ ಹಲವು ಕೆರೆಗಳಿಗಿವೆ. 2012ರಲ್ಲಿ ತೆರೆ ಕಂಡ ‘ಭಾಗೀರಥಿ’ಯ ನಾಯಕಿ ‘ಶಾಂತಿ’ಯ ಭಾವನಾ ಅವರೇ.

‘ಅಮೃತಮತಿ’ ಇನ್ನೂ ಸಾಹಸದ ಕೆಲಸ. ಹೊಯ್ಸಳರ ಕಾಲದ ಕವಿ ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ ಜೈನ ಕಾವ್ಯ. ರಾಣಿ ಅಮೃತಮತಿ ರಾತ್ರಿ ಕೇಳಿದ ಮಾವುತನ ಹಾಡಿಗೆ ಮರುಳಾಗುತ್ತಾಳೆ. ಅವನು ಕುರೂಪಿ, ಆದರೂ ಅವಳು ಹಿಂದೆಗೆಯುವುದಿಲ್ಲ. ರಾಜ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಾಣಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂದು ತಾಯಿ ಮಗ ಜನ್ಮ ಜನ್ಮಾಂತರ ಅಲೆಯುತ್ತಾರೆ. ಧರ್ಮಬೋಧೆಗಾಗಿ ಬರೆದ ಈ ಕಾವ್ಯದಲ್ಲಿ ಓದುಗರ ಮನಸ್ಸಿನಲ್ಲಿ ಎಂಟುನೂರು ವರ್ಷ ಉಳಿದದ್ದು ಮಾತ್ರ ಅಮೃತಮತಿಯ ರಾತ್ರಿ. ಪ್ರೀತಿಗೆ ಕಾರಣ ಬೇಕೆ ಎಂಬ ಪ್ರಶ್ನೆಯನ್ನು ಜನ್ನ ಎತ್ತಿ, ಬೆಚ್ಚಿ, ಕರ್ಮಸಿದ್ಧಾಂತದ ಕೆಳಗೆ ಇಟ್ಟುಬಿಟ್ಟ. ಬರಗೂರರು ಆ ಪ್ರಶ್ನೆಯನ್ನು ಮತ್ತೆ ಹೊರಗೆ ತೆಗೆದರು. ಚಿತ್ರಕ್ಕೆ ರಾಜನ ಬದಲು ರಾಣಿಯ ಹೆಸರಿಟ್ಟದ್ದರಲ್ಲೇ ಅವರ ಓದು ಸ್ಪಷ್ಟವಾಗಿದೆ. ಹರಿಪ್ರಿಯಾ ಅಮೃತಮತಿಯಾಗಿ, ಕಿಶೋರ್ ಯಶೋಧರನಾಗಿ ನಟಿಸಿದ ಈ ಚಿತ್ರ 2020ರ ಸುಮಾರಿಗೆ ದೇಶವಿದೇಶಗಳ ಹಲವು ಚಿತ್ರೋತ್ಸವಗಳನ್ನು ಸುತ್ತಿತು. ಕನ್ನಡದ ಮೇಷ್ಟರೊಬ್ಬರು ತರಗತಿಯಲ್ಲಿ ಪಾಠ ಮಾಡುತ್ತಿದ್ದ ಹಳಗನ್ನಡ ಕಾವ್ಯ ಹಾಗೆ ಬೇರೆ ಭಾಷೆಗಳ ಪ್ರೇಕ್ಷಕರ ಮುಂದೆ ಹೋಯಿತು.

ಅದೇ ಜೋಡಿ ಮತ್ತೆ ‘ತಾಯಿ ಕಸ್ತೂರ್ ಗಾಂಧಿ’ಯಲ್ಲಿ ಬಂತು. ಇದಕ್ಕೆ ಮೂಲ ಬರಗೂರರದೇ ‘ಕಸ್ತೂರ್ ಬಾ ವರ್ಸಸ್ ಗಾಂಧಿ’ ಎಂಬ ಕಾದಂಬರಿ. ಮಹಾತ್ಮನ ಸತ್ಯಪ್ರಯೋಗಗಳಿಗೆ ಮನೆಯೊಳಗೆ ತೆತ್ತ ಬೆಲೆ ಏನೆಂದು ಹೆಂಡತಿಯ ಕಡೆಯಿಂದ ಕೇಳುವ ಕೃತಿ. ಶಾಂತಿ, ಭಾಗೀರಥಿ, ಅಮೃತಮತಿ, ಕಸ್ತೂರ್ ಬಾ. ಸಾಲಾಗಿ ನಿಲ್ಲಿಸಿದರೆ ಎರಡು ದಶಕಗಳಲ್ಲಿ ಬರಗೂರರ ಗಮನ ಊರ ಗೌಡನ ದಬ್ಬಾಳಿಕೆಯಿಂದ ಮನೆಯೊಳಗಿನ ದಬ್ಬಾಳಿಕೆಯ ಕಡೆಗೆ ಹೊರಳಿದ್ದು ಕಾಣುತ್ತದೆ. ‘ಬಯಲಾಟದ ಭೀಮಣ್ಣ’ ಜಾನಪದದ ಕಡೆಗೆ ಮತ್ತೆ ತಿರುಗಿದ ಚಿತ್ರ. ವಿಜಯ್ ರಾಘವೇಂದ್ರ, ರಂಜನಿ ರಾಘವನ್ ಅಭಿನಯದ ‘ಸ್ವಪ್ನ ಮಂಟಪ’ಕ್ಕೂ ಅವರದೇ ಕಾದಂಬರಿ ಆಧಾರ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ವಿಮರ್ಶಕನ ಬಗ್ಗೆ ಬರೆಯುವಾಗ ವಿಮರ್ಶೆ ಬಿಟ್ಟರೆ ಅವನಿಗೇ ಅಗೌರವ. ಬರಗೂರರ ಚಿತ್ರಗಳಲ್ಲಿ ಮಾತಿನ ಭಾರ ಹೆಚ್ಚು. ಪಾತ್ರ ಸುಮ್ಮನೆ ಕೂತು ನೋಡಬೇಕಾದ ಕಡೆ ಸಂಭಾಷಣೆ ಬಂದು ನಿಲ್ಲುತ್ತದೆ. ವೇದಿಕೆಯ ಮೇಲೆ ಸಾವಿರಾರು ಜನರನ್ನು ಹಿಡಿದು ಕೂರಿಸುವ ವಾಗ್ಮಿಗೆ ತೆರೆಯ ಮೌನವನ್ನು ನಂಬುವುದು ಕಷ್ಟವಾಗಿರಬಹುದು. ಚಿತ್ರಗಳ ಹಣಕಾಸಿನ ಮಿತಿಯೂ ಕಾಣುತ್ತದೆ: ರಾಜನ ಆಸ್ಥಾನ, ದಂಡು, ಅರಮನೆ ಬೇಡುವ ವಸ್ತುವಿಗೆ ಸಣ್ಣ ಬಜೆಟ್ಟು ಸಾಲದು. ಆದರೆ ಮಾತು ಹೆಚ್ಚಾಯಿತು ಎನ್ನುವ ದೂರು ಬಯಲಾಟದ ಅರ್ಥಗಾರಿಕೆಗೂ ತಟ್ಟುತ್ತದೆ. ನೋಡುಗನಿಗೆ ಬಿಡಿಸಿ ಹೇಳುವುದು ಆ ಕಲೆಯ ಒಡಲಿನಲ್ಲೇ ಇದೆ. ಆ ಅಳತೆಯಿಂದ ನೋಡಿದಾಗ ಕೆಲವು ದೃಶ್ಯಗಳು ಬೇರೆಯಾಗಿ ನಿಲ್ಲುತ್ತವೆ. ಎಲ್ಲವೂ ಅಲ್ಲ.

ಸಂಸ್ಥೆಗಳ ಹೊಣೆ ಹೊತ್ತಾಗಲೂ ಅವರ ಕೈಗೆ ಇದೇ ವಿಚಾರದ ಗೆರೆ ಸಿಕ್ಕಿತ್ತು. ತೊಂಬತ್ತರ ದಶಕದಲ್ಲಿ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗ ಅವರು ರೂಪಿಸಿದ ಉಪಸಂಸ್ಕೃತಿ ಮಾಲೆ ಅಲೆಮಾರಿ, ಬುಡಕಟ್ಟು, ಕುಶಲಕರ್ಮಿ ಸಮುದಾಯಗಳ ಬಗ್ಗೆ ಒಂದೊಂದು ಪುಸ್ತಕ ಬರೆಸಿತು. ಅಲ್ಲಿಯವರೆಗೆ ಹೆಚ್ಚಾಗಿ ಬ್ರಿಟಿಷರ ಕಾಲದ ಜಾತಿ ಕೋಶಗಳಲ್ಲಿ ವಿವರ ಸಿಗುತ್ತಿದ್ದ ಜನರ ಆಚರಣೆ, ಭಾಷೆ, ಹಾಡು ಕನ್ನಡದಲ್ಲಿ ಅಚ್ಚಾದವು. ಸಂಶೋಧಕರು ಇಂದಿಗೂ ಆ ಪುಸ್ತಕಗಳನ್ನು ಹುಡುಕಿಕೊಂಡು ಬರುತ್ತಾರೆ. ಶಾಲಾ ಪಠ್ಯಪುಸ್ತಕ ಪರಿಷ್ಕರಣ ಸಮಿತಿಯ ಅಧ್ಯಕ್ಷರಾಗಿ ಅವರು ಸಿದ್ಧಪಡಿಸಿದ ಪುಸ್ತಕಗಳು 2017–18ರಿಂದ ತರಗತಿಗಳಿಗೆ ಬಂದವು. 2022ರಲ್ಲಿ ಇನ್ನೊಂದು ಸಮಿತಿ ಅವನ್ನು ಮತ್ತೆ ತಿದ್ದಿದಾಗ ನಾಡಿನಾದ್ಯಂತ ದೊಡ್ಡ ವಾಗ್ವಾದ ನಡೆದು, ಹಲವು ಲೇಖಕರು ತಮ್ಮ ಪಾಠಗಳನ್ನು ಹಿಂತೆಗೆದುಕೊಂಡರು. ನಾಡೋಜ, ಪಂಪ ಪ್ರಶಸ್ತಿಗಳು ಅವರಿಗೆ ಸಂದಿವೆ.

ಅವರ ಸುತ್ತಲಿನ ಚಿತ್ರ ವಿಮರ್ಶೆಯ ಲೋಕವೂ ಈ ಅವಧಿಯಲ್ಲಿ ಬೆಳೆಯಿತು. ಬೆಂಗಳೂರು 1980ರಲ್ಲಿ ಫಿಲ್ಮೋತ್ಸವವನ್ನೂ 1992ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವವನ್ನೂ ನಡೆಸಿಕೊಟ್ಟಿತ್ತು. 2006ರಲ್ಲಿ ನಗರಕ್ಕೆ ತನ್ನದೇ ಅಂತರರಾಷ್ಟ್ರೀಯ ಚಿತ್ರೋತ್ಸವ ಹುಟ್ಟಿತು. ಅದರ ಹಿಂದೆ ಸುಚಿತ್ರಾದ ಮೂರೂವರೆ ದಶಕದ ತಯಾರಿ ಇತ್ತು. ನರಹರಿರಾವ್, ವಿದ್ಯಾಶಂಕರ್ ಬೇರೆ ಬೇರೆ ವರ್ಷಗಳಲ್ಲಿ ಅದರ ಕಲಾ ನಿರ್ದೇಶಕರಾಗಿ ಜಗತ್ತಿನ ಚಿತ್ರಗಳನ್ನು ಆಯ್ದು ತಂದರು. ಬೆಂಗಳೂರಿನ ಎಂ.ಕೆ. ರಾಘವೇಂದ್ರ 1997ರಲ್ಲಿ, ಎನ್. ಮನು ಚಕ್ರವರ್ತಿ 2010ನೇ ಸಾಲಿನಲ್ಲಿ ಶ್ರೇಷ್ಠ ಚಿತ್ರ ವಿಮರ್ಶಕ ರಾಷ್ಟ್ರಪ್ರಶಸ್ತಿ ಪಡೆದರು. ಕೆ. ಪುಟ್ಟಸ್ವಾಮಿಯವರ ‘ಸಿನಿಮಾಯಾನ’ ಸಿನಿಮಾ ಕುರಿತ ಶ್ರೇಷ್ಠ ಪುಸ್ತಕವೆಂಬ ಸ್ವರ್ಣಕಮಲ ಗಳಿಸಿತು. ಇವರಲ್ಲಿ ಪುಟ್ಟಸ್ವಾಮಿ ಕನ್ನಡ ಚಿತ್ರರಂಗದ ಚರಿತ್ರೆಯನ್ನು ಒಳಗಿನಿಂದ ಕಟ್ಟಿದರೆ, ರಾಘವೇಂದ್ರ ಮತ್ತು ಮನು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಜಗತ್ತಿನ ಸಿನಿಮಾದ ನಡುವೆ ನಿಂತು ಬರೆದರು. ಟೆಂಟಿನ ಪ್ರೇಕ್ಷಕನನ್ನು ಸಿದ್ಧಾಂತದ ಕೇಂದ್ರಕ್ಕೆ ತಂದ ಬರಗೂರರ ಬರೆಹ ಇವರೆಲ್ಲರ ಜೊತೆಗಿಟ್ಟು ಓದಬೇಕಾದದ್ದು.

ಟೆಂಟುಗಳು ಈಗಿಲ್ಲ. ತಾಲ್ಲೂಕು ಕೇಂದ್ರಗಳ ಚಿತ್ರಮಂದಿರಗಳೂ ಒಂದೊಂದಾಗಿ ಕಲ್ಯಾಣ ಮಂಟಪಗಳಾಗುತ್ತಿವೆ. ಪಾವಗಡದ ಹುಡುಗ ತೆಲುಗು ಚಿತ್ರವನ್ನೂ ಕೊರಿಯಾದ ಧಾರಾವಾಹಿಯನ್ನೂ ಮೊಬೈಲಿನಲ್ಲಿ ನೋಡುತ್ತಾನೆ. ‘ಒಂದು ಊರಿನ ಕಥೆ’ ಮತ್ತು ‘ಬೆಂಕಿ’ ಯಾರ ಕಥೆಯೋ ಅವರ ಮೊಮ್ಮಕ್ಕಳು ಆ ಚಿತ್ರಗಳನ್ನು ನೋಡುವ ಅವಕಾಶ ಆಗಬೇಕು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ಒಟ್ಟು ಸೇರಿದರೆ ಮೂರು ದಿನದ ಒಂದು ಚಿತ್ರೋತ್ಸವ ನಡೆಸುವುದು ಕಷ್ಟದ ಕೆಲಸವಲ್ಲ. ‘ಸಿನಿಮಾ: ಒಂದು ಜಾನಪದ ಕಲೆ’ಯನ್ನು ಬೆಳಿಗ್ಗೆ ಓದಿ, ‘ಭಾಗೀರಥಿ’ಯನ್ನು ಸಂಜೆ ನೋಡಿ, ಮಾರನೆಯ ದಿನ ಜುಂಜಪ್ಪನ ಗಣೆಯವರನ್ನು ಕರೆಸಿ ಕೂರಿಸಬಹುದು. ಹಳೆಯ ಚಿತ್ರಗಳ ಪ್ರತಿಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತರುವ ಕೆಲಸವನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ಕೈಗೆತ್ತಿಕೊಳ್ಳಬೇಕು. ಎಪ್ಪತ್ತು, ಎಂಬತ್ತರ ದಶಕದ ಫಿಲ್ಮು ಸುರುಳಿಗಳು ಹೆಚ್ಚು ದಿನ ಕಾಯುವುದಿಲ್ಲ.